ಕೊಟೇಶನ್ನಿನಲ್ಲಿ ಬಿಟ್ಟುಹೋದ ಸಾಲು

ತಮ್ಮಾ,

ಹೋದ ಭಾನುವಾರ ಮೂಡಲಗಿಯ ಮನೆ ಕೆಲಸದ ಕೊಟೇಶನ್ ಹಿಡಿದುಕೊಂಡು ಬಂದಿದ್ದೆ. "ಮಾಮಾ, ನನ್ನ ಹೆಸರಿನ ಮೊದಲನೇ ಕೆಲಸ. ಇದರಾಗ ಏನರ ತಪ್ಪೈತೇನ ನೋಡ್ರಿ" ಅಂದೆ. ಚಹಾ ಆರುವ ತನಕ ಕೂತು ಓದಿದೆ. 1,200 ಚದರ ಅಡಿಯ ಮನೆ. ಸಿಮೆಂಟು, ಕಬ್ಬಿಣ, ಇಟ್ಟಂಗಿ, ಉಸುಕು, ಖಡಿ, ಸೆಂಟ್ರಿಂಗ್, ಗಿಲಾವು, ಟೈಲ್ಸು, ಒಂದೂ ಬಿಟ್ಟಿರಲಿಲ್ಲ. ದೇವರ ಕೋಣೆಯ ಕಟ್ಟೆಗೆ ಹಾಕುವ ಕಲ್ಲಿಗೂ ಬೇರೆ ಸಾಲು ಮಾಡಿ ದರ ಬರೆದಿದ್ದೆ. ಪುಣೆಯಲ್ಲಿ ಮೂರು ವರ್ಷ ಸೈಟಿನ ಮೇಲೆ ನಿಂತು ಬಂದವನ ಬರಹ ಅಂತ ಗೊತ್ತಾಗುತ್ತಿತ್ತು. "ಲೆಕ್ಕ ಚಲೋ ಐತಿ" ಅಂದು ಕಳಿಸಿದೆ.

ನಿಮ್ಮವ್ವ ಎದುರಿಗೇ ಕೂತಿದ್ದಳು. ಅವಳ ಮುಖದ ಮೇಲಿನ ಹಿಗ್ಗು ನೋಡಿ ಬಾಯಿಗೆ ಬಂದ ಮಾತು ನುಂಗಿಕೊಂಡೆ. ನುಂಗಬಾರದಿತ್ತು. ಆ ರಾತ್ರಿ ನಿದ್ದೆ ಹತ್ತಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಿನ್ನ ಹಾಳೆಯಲ್ಲಿ ಒಂದು ಸಾಲು ಇರಲಿಲ್ಲ. ಏಳೆಂಟು ಆಳು ಆರು ತಿಂಗಳು ನಿನ್ನ ಕೈಕೆಳಗೆ ದುಡಿಯುತ್ತಾರೆ. ಅವರಲ್ಲಿ ಒಬ್ಬ ಬಿದ್ದರೆ ಹಣ ಎಲ್ಲಿಂದ ಬರುತ್ತದೆ? ವಿಮೆಗೆ ಇಷ್ಟು, ಬೆಲ್ಟು ಹೆಲ್ಮೆಟ್ಟಿಗೆ ಇಷ್ಟು, ಗುಂಡಿಯ ಬದಿಗೆ ಹಲಗೆ ಕೊಡಲು ಇಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಬರೆಯದೆ ಬಿಟ್ಟ ಮಾತ್ರಕ್ಕೆ ಆ ಖರ್ಚು ಇಲ್ಲವಾಗುವುದಿಲ್ಲ, ತಮ್ಮಾ. ಯಾರಾದರೂ ಒಬ್ಬರು ಅದನ್ನು ಕಟ್ಟಿಯೇ ಕಟ್ಟುತ್ತಾರೆ. ಮನೆ ಕಟ್ಟಿಸುವವರು ಕಟ್ಟದಿದ್ದರೆ ನೀನು, ನೀನು ಕಟ್ಟದಿದ್ದರೆ ಬಿದ್ದವನ ಹೆಂಡತಿ. ನಮ್ಮ ಕಡೆ ಇಷ್ಟು ವರ್ಷ ಕಟ್ಟಿದವಳು ಅವಳೇ.

ನನಗೆ ಇದು ಹೇಗೆ ಗೊತ್ತು ಅನ್ನುವುದನ್ನು ನಿನಗೆ ಯಾವತ್ತೂ ಹೇಳಿಲ್ಲ.

ನೀನು ಹುಟ್ಟುವ ಮೊದಲಿನ ಮಾತು. ಮೂಡಲಗಿ ಆಗ ಗೋಕಾಕ ತಾಲೂಕಿನಲ್ಲೇ ಇತ್ತು. ಆ ಕಡೆಯ ಒಂದು ಹಳ್ಳಿಯಲ್ಲಿ ನಾನೊಂದು ಮನೆ ಹಿಡಿದಿದ್ದೆ. ಎರೆ ಭೂಮಿ. ನೀರಿನ ಟಾಕಿಗೆಂದು ಏಳು ಅಡಿ ಆಳದ ಗುಂಡಿ ತೋಡಿಸಿದ್ದೆ. ಹಿಂದಿನ ರಾತ್ರಿ ಮಳೆ ಹೊಡೆದಿತ್ತು. ಎರೆ ಮಣ್ಣಿನ ಗುಣ ನಿನಗೆ ಗೊತ್ತು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಆ ಬಿರುಕಿನೊಳಗೆ ನೀರು ಇಳಿದು ಒಂದು ಬದಿ ಇಡಿಯಾಗಿ ಕಳಚಿ ಒಳಗೆ ಕೂತಿತು. ಕೆಳಗೆ ಒಬ್ಬ ಹುಡುಗ ಇದ್ದ. ಎದೆಯ ತನಕ ಮಣ್ಣು. ಕೈಯಿಂದಲೇ ಕೆರೆದು ಹೊರಗೆ ತೆಗೆದೆವು, ಮಿರಜಿನ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು, ಬೆನ್ನು ಉಳಿಯಲಿಲ್ಲ. ಆ ಮೇಲೆ ಅವನು ಒಂದು ಕೊಡ ನೀರು ಎತ್ತಿದ್ದನ್ನು ನಾನು ನೋಡಿಲ್ಲ.

ನಿಮ್ಮ ಅತ್ತಿಯ ಬಳೆ ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟಿದೆ. ಊರಿನ ಹಿರಿಯರು ಕೂಡಿ ಇಷ್ಟು ಕೊಟ್ಟು ಮುಗಿಸು ಅಂದರು. ಕೊಟ್ಟೆ. ಒಂದು ಹಾಳೆಯ ಮೇಲೆ "ಇನ್ನು ಮುಂದೆ ನಮ್ಮದೇನೂ ತಕರಾರಿಲ್ಲ" ಅಂತ ಬರೆಸಿ ಅವನ ಹೆಬ್ಬೆಟ್ಟು ಹಾಕಿಸಿಕೊಂಡೆ. ಅಂದು ಸಂಜೆ ಮನೆಗೆ ಬರುವಾಗ ಎದೆಯ ಮೇಲಿನ ಭಾರ ಇಳಿದಂತಾಗಿತ್ತು. ಹಾಗೆ ಹಗುರಾದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಮುಂದೆ ಹದಿನೈದು ವರ್ಷ ಅವನ ಹೆಂಡತಿ ಬೇರೆ ಬೇರೆ ಸೈಟುಗಳಲ್ಲಿ ಇಟ್ಟಂಗಿ ಹೊತ್ತು ಮಕ್ಕಳನ್ನು ಸಾಕಿದಳು. ನನ್ನ ಎರಡು ಕೆಲಸಗಳಲ್ಲೂ ಹೊತ್ತಳು.

ದುಡಿಯುವಾಗ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಕಾಯ್ದೆ ಆಗಲೂ ಇತ್ತು. 1923ರಿಂದಲೇ ಇತ್ತು. ನನಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಲೂ ಹೋಗಿರಲಿಲ್ಲ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಅಂತ ಆಳಿನಿಂದ ಬರೆಸಿಕೊಂಡ ಕಾಗದಕ್ಕೆ ಆ ಕಾಯ್ದೆಯ ಮುಂದೆ ಕವಡೆಯ ಬೆಲೆಯಿಲ್ಲ. ಆಳು ಸತ್ತನೆಂದರೆ ಪರಿಹಾರವನ್ನು ಮನೆಯವರ ಕೈಯಲ್ಲಿಟ್ಟು ಬರುವಂತೆಯೂ ಇಲ್ಲ. ಅದಕ್ಕೆಂದು ಸರ್ಕಾರ ನೇಮಿಸಿದ ಅಧಿಕಾರಿಯ ಬಳಿ ಠೇವಣಿ ಇಡಬೇಕು, ಅವರು ಹಂಚುತ್ತಾರೆ. ಪಂಚರ ಎದುರು ಎಣಿಸಿಕೊಟ್ಟ ಹಣ ಕೊಟ್ಟಂತೆ ಅಲ್ಲ. ನಮ್ಮ ತಾಲೂಕುಗಳಲ್ಲಿ ಇವತ್ತಿಗೂ ಹಿರಿಯರು ಕೂತು ಮುಗಿಸುವ ರೂಢಿ ನಡೆದಿದೆ. ನಿನ್ನ ಹೆಸರಿನ ಕೆಲಸದಲ್ಲಿ ಅದು ನಡೆಯಬಾರದು.

ಈಗ ಆ ಕಾಯ್ದೆಯ ಲೆಕ್ಕ ಹೇಳುತ್ತೇನೆ, ಪೆನ್ನು ತಗೊ. 30 ವರ್ಷದ ಗೌಂಡಿ. ತಿಂಗಳಿಗೆ 15,000 ಅಥವಾ ಅದಕ್ಕೂ ಮೇಲೆ ದುಡಿಯುತ್ತಾನೆ. 2020ರ ಜನವರಿ 3ರಿಂದ ಈ ಲೆಕ್ಕಕ್ಕೆ ಹಿಡಿಯುವ ಪಗಾರದ ಮಿತಿ 15,000. ಅದರ ಅರ್ಧ 7,500. ಅದನ್ನು ವಯಸ್ಸಿಗೆ ತಕ್ಕಂತೆ ಕಾಯ್ದೆಯ ಕೋಷ್ಟಕದಲ್ಲಿ ಕೊಟ್ಟ ಅಂಕಿಯಿಂದ ಗುಣಿಸಬೇಕು. 30 ವರ್ಷಕ್ಕೆ ಆ ಅಂಕಿ 207.98. ಬಂದದ್ದು 15,59,850 ರೂಪಾಯಿ. ಆಳು ಸತ್ತರೆ ಇಷ್ಟು. ಸಾಯದೆ, ಇನ್ನು ದುಡಿಯಲಾರದಂತೆ ಪೂರ್ತಿ ಊನನಾದರೆ ಅರ್ಧದ ಬದಲು ನೂರಕ್ಕೆ 60 ಹಿಡಿಯುತ್ತಾರೆ. ಅದು 18,71,820. ವಯಸ್ಸು 25 ಇದ್ದರೆ ಕೋಷ್ಟಕದ ಅಂಕಿ 216.91, ಮೊತ್ತ ಇನ್ನೂ ಹೆಚ್ಚು. 1923ರ ಕಾಯ್ದೆಯನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ, ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಹೆಸರು ಬದಲಾಯಿತು, ಹೊಣೆ ಬದಲಾಗಿಲ್ಲ. ಆಳಿನ ಜೀವದ ಹೊಣೆ ದುಡಿಸಿಕೊಳ್ಳುವವನದು.

ಈ ಮನೆಯಿಂದ ನಿನಗೆ ಉಳಿಯುವ ಲಾಭ ಎಷ್ಟು ಅಂತ ನೀನೇ ಹೇಳಿದ್ದೆ. ಅಂಥ ಎಷ್ಟು ಮನೆ ಕಟ್ಟಿದರೆ 18 ಲಕ್ಷ ಕೂಡುತ್ತದೆ, ಲೆಕ್ಕ ಹಾಕು.

ಇದಕ್ಕೇ ಇರುವುದು ನೌಕರರ ಪರಿಹಾರ ವಿಮೆ. ಹಳಬರು ವರ್ಕ್‌ಮೆನ್ ಪಾಲಿಸಿ ಅನ್ನುತ್ತಾರೆ. ಒಂದೊಂದು ಕೆಲಸಕ್ಕೆ, ಅದು ಮುಗಿಯುವ ತನಕದ ಅವಧಿಗೆ ಬೇಕಾದರೂ ಸಿಗುತ್ತದೆ. ಕಂತು ನಿಂತಿರುವುದು ಎರಡರ ಮೇಲೆ. ಆ ಅವಧಿಯಲ್ಲಿ ನೀನು ಒಟ್ಟು ಎಷ್ಟು ಪಗಾರ ಹಂಚುತ್ತೀ, ಮತ್ತು ಕೆಲಸ ಎಂಥದ್ದು. ಇಲ್ಲೇ ನಮ್ಮವರು ಜಾಣತನ ಮಾಡಲು ಹೋಗಿ ಕೆಡುತ್ತಾರೆ. ಪಗಾರ ಅರ್ಧ ತೋರಿಸುತ್ತಾರೆ, ಎಂಟು ಆಳಿದ್ದಲ್ಲಿ ನಾಲ್ಕು ಬರೆಸುತ್ತಾರೆ, ಎರಡನೇ ಅಂತಸ್ತಿನ ಕೆಲಸವನ್ನು ನೆಲದ ಮೇಲಿನ ಕೆಲಸ ಅನ್ನುತ್ತಾರೆ. ಕಂತು ಕಡಿಮೆಯಾಗುತ್ತದೆ, ನಿಜ. ಆಳು ಬಿದ್ದ ದಿನ ಕಂಪನಿಯವರು ಮೊದಲು ತೆಗೆದು ನೋಡುವುದು ಅದೇ ಅರ್ಜಿಯನ್ನು.

ಪಾಲಿಸಿ ಕೊಳ್ಳುವಾಗ ಎರಡು ಮಾತು ತಪ್ಪದೆ ಕೇಳು. ಆಸ್ಪತ್ರೆಯ ಖರ್ಚು ಸೇರಿದೆಯೇ? ಗಾಯಗೊಂಡ ಆಳಿನ ಔಷಧೋಪಚಾರಕ್ಕೆ ಆದ ನಿಜವಾದ ಖರ್ಚನ್ನು ಮಾಲೀಕ ಕೊಡಬೇಕು ಅಂತ 2009ರ ತಿದ್ದುಪಡಿ ಹೇಳಿತು, ಆದರೆ ಪಾಲಿಸಿಯಲ್ಲಿ ಅದನ್ನು ಬೇರೆ ಕಂತು ಕಟ್ಟಿ ಸೇರಿಸಿಕೊಳ್ಳಬೇಕಾಗುತ್ತದೆ. ಸೇರಿಸದೆ ಬಿಟ್ಟರೆ ಮಿರಜಿನ ಬಿಲ್ಲು ನಿನ್ನ ಕೊರಳಿಗೇ. ಎರಡನೆಯದು, ಒಳಗುತ್ತಿಗೆಯ ಆಳು ಸೇರಿದ್ದಾರೆಯೇ? ಸೆಂಟ್ರಿಂಗ್ ಕೆಲಸವನ್ನು ನೀನು ಬೇರೆಯವನಿಗೆ ಬಿಟ್ಟುಕೊಡುತ್ತೀ. ಅವನ ಆಳು ಬಿದ್ದರೆ "ಅವನು ನನ್ನ ಆಳಲ್ಲ" ಅನ್ನಲು ಬರುವುದಿಲ್ಲ. ಕಾಯ್ದೆ ಮೊದಲು ನಿನ್ನನ್ನು ಹಿಡಿಯುತ್ತದೆ, ಕೊಟ್ಟ ಮೇಲೆ ನೀನು ಅವನಿಂದ ವಸೂಲಿ ಮಾಡಿಕೊಳ್ಳಬೇಕು. ಆಗ ಅವನ ಫೋನ್ ಹತ್ತುವುದಿಲ್ಲ.

"ಅವನೇ ಹೆಲ್ಮೆಟ್ ಹಾಕಿರಲಿಲ್ಲ", "ಅವನು ಕುಡಿದಿದ್ದ" ಎಂಬ ಮಾತುಗಳನ್ನು ನಾನು ಬಹಳ ಕೇಳಿದ್ದೇನೆ. ಸಣ್ಣ ಗಾಯವಾದರೆ ಆ ವಾದಕ್ಕೆ ಜಾಗವಿದೆ. ಸಾವಾದರೆ, ಪೂರ್ತಿ ಊನವಾದರೆ ಆ ವಾದ ನಡೆಯುವುದಿಲ್ಲ.

ಇನ್ನು ಹಾಜರಿ ಪುಸ್ತಕ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನನ್ನ ಅಪ್ಪ ಗೋಕಾಕ ಫಾಲ್ಸಿನ ಗಿರಣಿ ಕೆಲಸಗಾರರ ಮನೆ ದುರಸ್ತಿ ಮಾಡುತ್ತಿದ್ದ. 1885ರಲ್ಲಿ ಸ್ಥಾಪನೆಯಾದ ಗಿರಣಿ ಅದು. ಗಿರಣಿಗೆ ಹೋಗುವವನ ಹೆಸರು ರಿಜಿಸ್ಟರಿನಲ್ಲಿ ಇರುತ್ತಿತ್ತು, ಅವನು ಎಷ್ಟಕ್ಕೆ ಒಳಗೆ ಹೋದ, ಎಷ್ಟಕ್ಕೆ ಹೊರಗೆ ಬಂದ ಅನ್ನುವುದಕ್ಕೆ ಲೆಕ್ಕವಿತ್ತು. ಅವನ ಮನೆಯ ಗೋಡೆ ಕಟ್ಟಿದ ನನ್ನ ಅಪ್ಪನ ಹೆಸರು ಯಾವ ಕಾಗದದ ಮೇಲೂ ಇರಲಿಲ್ಲ. ಐವತ್ತು ವರ್ಷ ದುಡಿದ. ಅವನು ಗೌಂಡಿಯಾಗಿದ್ದ ಅನ್ನುವುದಕ್ಕೆ ಸಾಕ್ಷಿ ಅವನ ಅಂಗೈಯ ಬಿರುಕುಗಳಷ್ಟೇ.

ಮೇಲೆ ಹೇಳಿದ 15 ಲಕ್ಷದ ಲೆಕ್ಕ ಪಗಾರ ಸಾಬೀತಾದರೆ ಮಾತ್ರ ನಿಲ್ಲುತ್ತದೆ. ಪಗಾರಕ್ಕೆ, ವಯಸ್ಸಿಗೆ ದಾಖಲೆ ಇಲ್ಲದಿದ್ದರೆ ಬಿದ್ದವನ ಮನೆಯವರು ವರ್ಷಗಟ್ಟಲೆ ಅಲೆಯಬೇಕು. ಕಾಯ್ದೆಯಲ್ಲಿ ಸಾವಿಗೆ ಇಟ್ಟ ಕನಿಷ್ಠ ಮೊತ್ತ 1,20,000. ಹದಿನೈದೂವರೆ ಲಕ್ಷಕ್ಕೂ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ನಡುವೆ ಇರುವುದು ನಲವತ್ತು ರೂಪಾಯಿಯ ಒಂದು ನೋಟ್‌ಬುಕ್ಕು. ದಿನಾ ಬೆಳಿಗ್ಗೆ ಹೆಸರು ಬರೆ. ವಾರದ ಬಟವಡೆಯ ದಿನ ಎಷ್ಟು ಕೊಟ್ಟೆ ಅಂತ ಬರೆದು ಸಹಿ ಹಾಕಿಸಿಕೊ. ಆದಷ್ಟು ಬ್ಯಾಂಕ್ ಖಾತೆಗೇ ಹಾಕು, ಅದು ತಾನೇ ಸಾಕ್ಷಿ ಹೇಳುತ್ತದೆ. ಆಧಾರ್ ನಕಲು ಒಂದು ಇಟ್ಟುಕೊ, ವಯಸ್ಸಿನ ತಂಟೆ ಬರುವುದಿಲ್ಲ.

ಹೆಣ್ಣುಮಕ್ಕಳ ಹೆಸರು ಬೇರೆಯಾಗಿಯೇ ಬರೆ. ನಮ್ಮಲ್ಲಿ ಗಂಡ ಹೆಂಡತಿ ಜೋಡಿಯಾಗಿ ಕೆಲಸಕ್ಕೆ ಬರುತ್ತಾರೆ, ಪುಸ್ತಕದಲ್ಲಿ ಗಂಡನ ಹೆಸರಿನ ಮುಂದೆ "ಜೋಡಿ" ಅಂತ ಬರೆದು ಇಬ್ಬರ ಪಗಾರವನ್ನೂ ಅವನ ಕೈಗೇ ಕೊಡುತ್ತೇವೆ. ಮೂವತ್ತು ವರ್ಷ ನಾನೂ ಹಾಗೆಯೇ ಬರೆದೆ. ಮೆಟ್ಟಿಲಿಲ್ಲದ ಮನೆಗೆ ಏಣಿಯ ಮೇಲೆ ಬುಟ್ಟಿ ಹೊತ್ತು ಹತ್ತುವವಳು ಅವಳು. ಜಾರಿದರೆ, ಅವಳು ಅಲ್ಲಿ ಕೆಲಸಕ್ಕಿದ್ದಳು ಅಂತ ಯಾವ ಪುಸ್ತಕ ಹೇಳಬೇಕು? ಹೆಸರು, ಪಗಾರ, ಸಹಿ, ಮೂರೂ ಅವಳದೇ ಇರಲಿ. ಪಗಾರ ಅವಳ ಖಾತೆಗೇ ಹೋಗಲಿ.

ಕಾರ್ಮಿಕ ಕಾರ್ಡಿನ ವಿಷಯ. ಕರ್ನಾಟಕದ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ 2007ರಿಂದ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ಅಪಘಾತಕ್ಕೆ, ಹೆರಿಗೆಗೆ, ಮಕ್ಕಳ ಓದಿಗೆ, 60 ದಾಟಿದ ಮೇಲೆ ಪಿಂಚಣಿಗೆ ಅಲ್ಲಿ ಹಣವಿದೆ. ಮೊತ್ತಗಳು ಕಾಲಕಾಲಕ್ಕೆ ಏರುತ್ತವೆ, ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ ಬರೆದುಕೊ. ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಒಂದು ರೂಪಾಯಿ ಸೆಸ್ ಅಂತ ವಸೂಲಾಗುತ್ತದಲ್ಲ, ಆ ಹಣವೇ ಇದು. ಕೆಲವು ಮನೆ ಮಾಲೀಕರು "ಸೆಸ್ ಕಟ್ಟೇವಲ್ಲ, ಮತ್ತ ವಿಮಾ ಯಾಕ?" ಅನ್ನುತ್ತಾರೆ. ಎರಡೂ ಬೇರೆ. ಮಂಡಳಿ ಕೊಟ್ಟ ಮಾತ್ರಕ್ಕೆ ನಿನ್ನ ಹೊಣೆ ತೀರುವುದಿಲ್ಲ ಅಂತ ಅವರಿಗೆ ಸಮಾಧಾನದಿಂದ ತಿಳಿಸಿ ಹೇಳು.

ಆ 90 ದಿನದ ದೃಢೀಕರಣಕ್ಕೆ ನಿನ್ನ ಸಹಿ ಕೇಳಿಕೊಂಡು ಜನ ಬರುತ್ತಾರೆ. ಕಿರಾಣಿ ಅಂಗಡಿಯವನು ಬರುತ್ತಾನೆ, ನಮ್ಮ ಬೀಗರೇ ಬರುತ್ತಾರೆ. ಇಟ್ಟಂಗಿ ಮುಟ್ಟದವನಿಗೆ ಸಹಿ ಹಾಕಬೇಡ. ಬೋಗಸ್ ಕಾರ್ಡು ಹೆಚ್ಚಾದಷ್ಟೂ ನಿಜವಾದ ಗೌಂಡಿಯ ಅರ್ಜಿಯನ್ನು ಅನುಮಾನದಿಂದ ನೋಡುತ್ತಾರೆ. ಬೀಗರು ಮುನಿಸಿಕೊಂಡರೆ ನನ್ನ ಹೆಸರು ಹೇಳು, ನಾನು ಮಾತಾಡುತ್ತೇನೆ.

ಇನ್ನೊಂದು, ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅದಕ್ಕೆ ವರ್ಷಕ್ಕೆ 20 ರೂಪಾಯಿ. ಅಪಘಾತದ ಸಾವಿಗೆ 2 ಲಕ್ಷ. 18ರಿಂದ 70 ವರ್ಷದವರೆಗೆ, ಬ್ಯಾಂಕ್ ಖಾತೆಯಿಂದ ತಾನೇ ಕಡಿತವಾಗುತ್ತದೆ. ನಿನ್ನ ಎಂಟೂ ಆಳಿಗೆ ಮಾಡಿಸಲು 160 ರೂಪಾಯಿ. ಅವರನ್ನು ಕೇಳುತ್ತಾ ಕೂಡಬೇಡ, ಬ್ಯಾಂಕಿಗೆ ನೀನೇ ಕರೆದುಕೊಂಡು ಹೋಗು.

ದರದ ಮಾತಿಗೆ ಬರೋಣ, ನಿನ್ನ ಹೆದರಿಕೆ ಅದೇ ಅಂತ ಗೊತ್ತು. ಹಿಂದೆ ಹುಕ್ಕೇರಿಯಲ್ಲಿ ಒಬ್ಬ ಮನೆ ಮಾಲೀಕರು ನನಗೆ "ಇನ್ನೊಬ್ಬಾಂವ ಚದರ ಅಡಿಗೆ ನಿಮಕಿಂತ ಕಡಿಮಿ ಹೇಳ್ಯಾನ್ರಿ" ಅಂದರು. ನಾನು ನನ್ನ ಹಾಳೆ ತೆಗೆದು ವಿಮೆಯ ಸಾಲು ತೋರಿಸಿದೆ. "ಅವರ ಹಾಳ್ಯಾಗ ಈ ಸಾಲು ಐತೇನ್ ಕೇಳ್ರಿ" ಅಂದೆ. ಕೆಲಸ ನನಗೆ ಸಿಗಲಿಲ್ಲ. ನಿನಗೆ ಸುಳ್ಳು ಹೇಳುವುದಿಲ್ಲ, ಆ ಸಾಲಿನಿಂದ ಕೆಲವು ಕೆಲಸ ಕೈ ತಪ್ಪಿವೆ. ಹಾಗಂತ ಆ ಸಾಲಿನ ಭಾರ ನೀನು ಅಂದುಕೊಂಡಷ್ಟು ಇಲ್ಲ. ಮಾತಿಗೆ ವಿಮೆ, ಬೆಲ್ಟು, ಹೆಲ್ಮೆಟ್ಟು, ಬಲೆ, ಹಲಗೆ ಎಲ್ಲ ಸೇರಿ 24,000 ಆಯಿತು ಅಂತ ಹಿಡಿ. 1,200 ಚದರ ಅಡಿಗೆ ಹಂಚಿದರೆ ಅಡಿಗೆ 20 ರೂಪಾಯಿ. ಬಾಗಿಲಿನ ಕಟ್ಟಿಗೆ ಸಾಗವಾನಿಯೇ ಆಗಬೇಕು ಅಂತ ಹಟ ಹಿಡಿಯುವವರು ಅಡಿಗೆ 20 ರೂಪಾಯಿಗೆ ಹಿಂದೆ ಸರಿಯುತ್ತಾರೆ ಅಂದರೆ, ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ ಅಂತಲೇ ಅರ್ಥ. ನೀನು ಆ ಸಾಲನ್ನು ಲಾಭದೊಳಗೆ ಮುಚ್ಚಿಡದೆ ಬೇರೆ ಮಾಡಿ ಬರೆ. ಚೌಕಾಶಿಗೆ ಕೂತಾಗ ನಿನ್ನ ಲಾಭ ಬೇಕಾದರೆ ಬಿಟ್ಟುಕೊಡು, ಆ ಸಾಲಿಗೆ ಕೈ ಹಚ್ಚಗೊಡಬೇಡ.

ಮುಂದೆ ಹತ್ತು ಅಥವಾ ಹೆಚ್ಚು ಜನ ನಿನ್ನ ಕೈಕೆಳಗೆ ಬಂದರೆ ಇ.ಎಸ್.ಐ. ಲೆಕ್ಕ ಶುರುವಾಗುತ್ತದೆ. ಅವತ್ತು ಬಾ, ಕೂತು ಮಾತಾಡೋಣ.

ಈಗ ಸರ್ಟಿಫಿಕೇಟ್. "ಇಪ್ಪತ್ತು ವರ್ಷ ಥಾಪಿ ಹಿಡಿದವಗ ಕಾಗದ ಯಾಕ ಬೇಕು ಮಾಮಾ?" ಅಂತ ನೀನೇ ಒಮ್ಮೆ ಕೇಳಿದ್ದೆ. ಸರ್ಟಿಫಿಕೇಟ್ ಇದ್ದವನ ಗೋಡೆ ಗುಂಡು ಬಿಟ್ಟು ನೋಡಿದರೆ ವಾಲಿದ್ದನ್ನು ನಾನು ನೋಡಿದ್ದೇನೆ, ಸಹಿ ಮಾಡಲು ಬರದವನ ಗೋಡೆ ನಲವತ್ತು ವರ್ಷ ಕೂದಲಷ್ಟೂ ಬಿರಿಯದೆ ನಿಂತದ್ದನ್ನೂ ನೋಡಿದ್ದೇನೆ. ಆದರೆ ಆ ಸಹಿ ಬರದವನು ಬಿದ್ದ ದಿನ ಅವನನ್ನು ಕುಶಲ ಕೆಲಸಗಾರ ಅಂತ ಯಾರೂ ಬರೆದುಕೊಳ್ಳಲಿಲ್ಲ. ಕೂಲಿ ಅಂತ ಬರೆದರು. ಕೂಲಿಯ ಪಗಾರ ಬೇರೆ, ಗೌಂಡಿಯ ಪಗಾರ ಬೇರೆ, ಪರಿಹಾರ ನಿಂತಿರುವುದೇ ಪಗಾರದ ಮೇಲೆ. ಕೈಗೆ ಗೊತ್ತಿದ್ದದ್ದು ಕಾಗದಕ್ಕೂ ಗೊತ್ತಿರಬೇಕು ಅನ್ನುವುದು ಇದಕ್ಕೇ.

ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಅವರು ಮೊದಲಿಂದ ಕಲಿಯಬೇಕಿಲ್ಲ, ಬಲ್ಲದ್ದನ್ನು ಮಾಡಿ ತೋರಿಸಬೇಕು. ಗ್ರಾಮೀಣ ಆವಾಸ್ ಯೋಜನೆಯಲ್ಲಿ ಗೌಂಡಿಗಳಿಗೆ 45 ದಿನದ ತರಬೇತಿ ಇದೆ, ನಿಜವಾದ ಮನೆ ಕಟ್ಟುತ್ತಲೇ ಕಲಿಯುವ ತರಬೇತಿ. ನಮ್ಮ ಮಂಡಳಿಯಲ್ಲೂ ಶ್ರಮ ಸಾಮರ್ಥ್ಯ ಅಂತ ಒಂದು ಯೋಜನೆ, ತರಬೇತಿಯ ಜೊತೆ ಸಾಮಾನಿನ ಕಿಟ್ಟು. ನಿನ್ನ ತಂಡದ ಇಬ್ಬರನ್ನಾದರೂ ಈ ವರ್ಷ ಕಳಿಸು, ಆ ದಿನಗಳ ಪಗಾರ ಕಡಿಯಬೇಡ. ಕಡಿದರೆ ಯಾರೂ ಹೋಗುವುದಿಲ್ಲ.

ಕಲಿಯದ ಕೈ ಕೆಲಸಕ್ಕೆ ಇಳಿದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಹೊಳೆ ಗೋಕಾಕದ ಪೇಟೆಯೊಳಗೆ ನುಗ್ಗಿದಾಗ ನೀನು ಓದುತ್ತಿದ್ದೆ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಕೊಡುತ್ತೇನೆ ಅಂದಿತು. ಹೊಳೆ ದಂಡೆಯ ಊರುಗಳಲ್ಲಿ ಮನೆ ಕಟ್ಟುವ ಅವಸರ ಹತ್ತಿತು, ಗೌಂಡಿಗಳು ಸಾಲಲಿಲ್ಲ. ನಿನ್ನೆ ಕಬ್ಬು ಕಡಿಯುತ್ತಿದ್ದವನು ಇವತ್ತು ಥಾಪಿ ಹಿಡಿದ. ತಪ್ಪು ಅವನದಲ್ಲ, ಹೊಟ್ಟೆಯದು. ಆದರೆ ನೀರು ಕುಡಿದ ಮಣ್ಣಿನ ಗೋಡೆಯನ್ನು ಯಾವ ಕಡೆಯಿಂದ ಇಳಿಸಬೇಕು ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದರು? ಬುಡದಿಂದ ಅಗೆಯುತ್ತಿದ್ದವರನ್ನು ನಾನೇ ಎರಡು ಕಡೆ ಕೂಗಿ ಹೊರಗೆ ಕರೆದಿದ್ದೇನೆ. ಕಟ್ಟುವುದಕ್ಕಿಂತ ಕೆಡವುವುದಕ್ಕೆ ಹೆಚ್ಚು ಬುದ್ಧಿ ಬೇಕು.

ಕೆಲವು ಕಡೆ ಮಾತ್ರ ಕಾಗದ ಇಲ್ಲದವನನ್ನು ಹತ್ತಿರ ಬಿಡಬೇಡ. ಅದರಲ್ಲಿ ಮೊದಲನೆಯದು ಕರೆಂಟು. ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇಲ್ಲದ ವೈರ್‌ಮನ್ ನಿನ್ನ ಸೈಟಿನಲ್ಲಿ ಪ್ಲಗ್ ಕೂಡ ಬಿಚ್ಚಬಾರದು. ಮಿಕ್ಸರಿಗೆ, ವೈಬ್ರೇಟರಿಗೆ ಜೋಡಿಸಿದ ವೈರು ನೀರಿನಲ್ಲಿ ಬಿದ್ದಿರುತ್ತದೆ, ಆಳು ಬರಿಗಾಲಲ್ಲಿ ಇರುತ್ತಾನೆ. ಇನ್ನು ಮೇಲಿನ ತಂತಿ. 11 ಕೆ.ವಿ. ತಂತಿಯಿಂದ ಮನೆಯ ಗೋಡೆ ಪಕ್ಕಕ್ಕೆ 1.2 ಮೀಟರ್, ಕೆಳಗೆ 3.7 ಮೀಟರ್ ಆದರೂ ದೂರ ಇರಬೇಕು ಅಂತ ನಿಯಮ. ಗೋಡೆ ದೂರವಿದ್ದರೂ ಇಪ್ಪತ್ತು ಅಡಿಯ ಕಬ್ಬಿಣದ ಸಳಿಯನ್ನು ಮೇಲೆ ಎತ್ತುವಾಗ ತುದಿ ಎಲ್ಲಿ ತಿರುಗುತ್ತದೆ ಅಂತ ಕೆಳಗಿನವನಿಗೆ ಕಾಣುವುದಿಲ್ಲ. ಆ ಹೊತ್ತಿಗೆ ಲೈನ್ ಬಂದ್ ಮಾಡಿಸಲು ಮೂಡಲಗಿ, ಗೋಕಾಕದಲ್ಲಿ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಡು. ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲಿ ಕೆಲಸ ಹಿಡಿದರೆ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ಹೋಗಬೇಕು. ಸಳಿ ಎತ್ತುವ ದಿನ ಎರಡು ತಾಸು ಲೈನ್ ಬಂದ್ ಮಾಡಿಸು. ಅರ್ಧ ದಿನದ ಕೆಲಸ ಹೋದರೆ ಹೋಗಲಿ.

ಎರಡನೆಯದು ನಕ್ಷೆ. ಒಂದು ಅಂತಸ್ತಿಗೆಂದು ಹಾಕಿದ ಪಾಯದ ಮೇಲೆ ಮಾಲೀಕರು ಆಮೇಲೆ ಎರಡು ಕೇಳುತ್ತಾರೆ. ಇಂಜಿನಿಯರ್ ಲೆಕ್ಕ ಮಾಡಿ ಸಹಿ ಹಾಕದ ಒಂದು ಇಟ್ಟಂಗಿಯನ್ನೂ ಮೇಲೆ ಏರಿಸಬೇಡ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ಬೆಳಗಾವಿಯಿಂದ ಎರಡು ತಾಸಿನ ಹಾದಿ. ಆ ವಾರ ನಮ್ಮ ಕಡೆಯ ಗೌಂಡಿಗಳು ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನೀನೂ ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರನ ನೋಂದಣಿ ಮಾಡಿಸಿಕೊ. ನಾಲ್ಕನೇ ದರ್ಜೆಯಿಂದ ಶುರುವಾಗಲಿ. ಸರ್ಕಾರಿ ಕೆಲಸ ಹಿಡಿಯದಿದ್ದರೂ, ಲೆಕ್ಕಪತ್ರ ಇಡುವ ಶಿಸ್ತು ಅದರಿಂದ ಬರುತ್ತದೆ.

ಸಾಮಾನು ಕೊಳ್ಳುವಾಗ ಹೆಲ್ಮೆಟ್ಟಿನ ಮೇಲೆ ಐ.ಎಸ್. 2925, ಬೆಲ್ಟಿನ ಮೇಲೆ ಐ.ಎಸ್. 3521 ಗುರುತು ನೋಡು. ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಟೊಪ್ಪಿಗೆ ಬಿಸಿಲು ತಡೆಯುತ್ತದೆ, ಇಟ್ಟಂಗಿ ತಡೆಯುವುದಿಲ್ಲ. ನೀನು ಮೊದಲು ಹಾಕಿಕೊ. ಮಾಲೀಕ ಬರಿದಲೆಯಲ್ಲಿ ನಿಂತರೆ ಆಳು ಹಾಕುವುದಿಲ್ಲ. ಐದು ಅಡಿಗಿಂತ ಆಳದ ಗುಂಡಿಗೆ ಬದಿಗಳಲ್ಲಿ ಹಲಗೆ, ಅಡ್ಡ ಆಧಾರ ಕೊಡದೆ ಯಾರನ್ನೂ ಇಳಿಸಬೇಡ. ತೋಡಿದ ಮಣ್ಣನ್ನು ಗುಂಡಿಯ ಅಂಚಿಗೇ ಗುಡ್ಡೆ ಹಾಕಬೇಡ. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಮೊದಲು ನೀನು ಹೋಗಿ ಸುತ್ತ ನೋಡು, ಆಮೇಲೆ ಆಳು. ಮೂಡಲಗಿಯ ನಿನ್ನ ಜಾಗವೂ ಎರೆ ಮಣ್ಣೇ, ಹೋದ ವಾರ ನಾನೇ ಹೋಗಿ ನೋಡಿ ಬಂದೆ. ನಿನಗೆ ಹೇಳಿರಲಿಲ್ಲ.

ಆ ಬೆನ್ನು ಮುರಿದ ಹುಡುಗ ಈಗ ಇಲ್ಲ, ಐದು ವರ್ಷದ ಹಿಂದೆ ತೀರಿಕೊಂಡ. ಅವನ ಮಗ ಒಳ್ಳೆಯ ಗೌಂಡಿ. ನಿನ್ನ ತಂಡಕ್ಕೆ ಬರುತ್ತೇನೆ ಅಂದಿದ್ದಾನೆ, ನೀನೇ ಅವನ ಹೆಸರು ಹೇಳಿದೆ. ಅವನು ಯಾರು ಅಂತ ನಿನಗೆ ತಿಳಿದಿರಲಿಲ್ಲ. ಭಾನುವಾರ ರಾತ್ರಿ ನನಗೆ ನಿದ್ದೆ ಹತ್ತದೆ ಇದ್ದದ್ದು ಅದಕ್ಕೇ.

ಸೋಮವಾರ ಗುದ್ದಲಿ ಪೂಜೆ ಇಟ್ಟುಕೊಂಡಿದ್ದೀ. ಒಂದು ವಾರ ಮುಂದೆ ಹಾಕು. ಮಾಲೀಕರಿಗೆ ಹೊಸ ಹಾಳೆ ಕೊಡು, ಆ ಸಾಲು ಸೇರಿಸಿ. ಪಾಲಿಸಿ ಮಾಡಿಸು, ಎಂಟೂ ಜನರ ಹೆಸರು ಬರೆಸು, ಅವನ ಹೆಸರು ಮೊದಲು ಬರೆಸು. ಕಾಗದ ಕೈಗೆ ಬಂದ ದಿನ ಫೋನ್ ಮಾಡು. ಪೂಜೆಗೆ ನಾನೇ ಬಂದು ಕಾಯಿ ಒಡೆಯುತ್ತೇನೆ.

ನಿನ್ನ ಮಾಮಾ